ಶಾಫ್ಟ್ ಇದ್ದಲ್ಲಿಗೆ ಎಂಜಿನ್ ಬರಬೇಕು

ಕಾಫಿ ತೋಟಗಳ ಪಂಪ್‌ಸೆಟ್ ದುರಸ್ತಿ ನನ್ನ ಕಸುಬು. ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾ ಗಿಡಗಳು ಹೂ ಬಿಡಲೆಂದು ಸ್ಪ್ರಿಂಕ್ಲರ್ ನೀರು ಹಾಯಿಸುವಾಗ ಕೊಡಗಿನ ಸುಂಟಿಕೊಪ್ಪದಿಂದ ಸಿದ್ದಾಪುರದವರೆಗೆ ಕೆರೆದಂಡೆಗಳಲ್ಲಿ ಡೀಸೆಲ್ ಎಂಜಿನ್‌ಗಳು ಹಗಲಿರುಳು ಓಡುತ್ತವೆ. ಎಂಜಿನ್ ಮತ್ತು ಪಂಪಿನ ತಿರುಗುವ ದಂಡಗಳನ್ನು, ಅಂದರೆ ಶಾಫ್ಟ್‌ಗಳನ್ನು, ಜೋಡಿಸುವ ಕಪ್ಲಿಂಗ್ ಕೂರಿಸುವುದನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಆ ಧೈರ್ಯದ ಮೇಲೆಯೇ ಕಳೆದ ಮಳೆಗಾಲದಲ್ಲಿ ನೀರಿನ ಮೇಲೆ ಓಡುವ ಸ್ಕೂಟರಿನಂಥ ಜೆಟ್ ಸ್ಕೀ ಒಂದರ ಕೆಲಸ ಒಪ್ಪಿಕೊಂಡೆ.

ಹಾರಂಗಿ ಹಿನ್ನೀರಿನ ಕಡೆಯ ತೋಟದ ಮಾಲೀಕರೊಬ್ಬರು ಕರಾವಳಿಯಿಂದ ತರಿಸಿಕೊಂಡ ಹಳೆಯ ಗಾಡಿ ಅದು. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಕೆಟ್ಟು, ಬೇರೆ ಎಂಜಿನ್ ಕೂರಿಸಲಾಗಿತ್ತು. ನಾಲ್ಕೈದು ಸಲ ನೀರಿಗಿಳಿಸುವಷ್ಟರಲ್ಲಿ ನಡುಕ ಶುರುವಾಗಿ, ಶಾಫ್ಟ್ ಸೀಲಿನ ಬಳಿ ನೀರು ಒಳಗೆ ಬರತೊಡಗಿತು. ಸೀಟು ಎತ್ತಿ ಟಾರ್ಚ್ ಹಿಡಿದೆ. ಕಪ್ಲಿಂಗ್ ಕೆಳಗೆ, ಗಾಡಿಯ ದೋಣಿಯಂಥ ಒಡಲಾದ ಹಲ್‌ನ ತಳದಲ್ಲಿ, ಕಾಫಿ ಪುಡಿಯಷ್ಟು ನುಣ್ಣನೆಯ ಕಪ್ಪು ರಬ್ಬರ್ ಪುಡಿ ಬಿದ್ದಿತ್ತು. ಎರಡು ಕಪ್ಲಿಂಗ್‌ಗಳ ನಡುವಿನ ರಬ್ಬರ್ ಡ್ಯಾಂಪರ್ ಸವೆದ ಪುಡಿ ಅದು. ಮೊದಲು ಕೆಲಸ ಮಾಡಿದವರು ಎತ್ತರ ಹೊಂದಿಸಲು ಎಂಜಿನ್ನಿನ ಅಡಿಗೆ ಇಡುವ ತೆಳು ಲೋಹದ ಹಾಳೆಗಳನ್ನು, ಅಂದರೆ ಹಳೆಯ ಶಿಮ್‌ಗಳನ್ನೇ ಹಾಗೆಯೇ ಇಟ್ಟು ಬೋಲ್ಟ್ ಬಿಗಿದಿದ್ದರು. ಒಂದು ಎಂಜಿನ್ನಿಗೆ ಸರಿಹೋದ ಶಿಮ್ ಇನ್ನೊಂದಕ್ಕೆ ಸರಿಹೋಗುತ್ತದೆಂದು ನಂಬುವಂತಿಲ್ಲ.

ಪಂಪ್‌ಸೆಟ್‌ನಲ್ಲಿ ಎಂಜಿನ್ ಸರಿಸಬಹುದು, ಬೇಕಾದರೆ ಪಂಪನ್ನೂ ಸರಿಸಬಹುದು. ಕೆಳಗೆ ಗಟ್ಟಿಯಾದ ಕಬ್ಬಿಣದ ಚೌಕಟ್ಟು ಇರುತ್ತದೆ. ಜೆಟ್ ಸ್ಕೀಯಲ್ಲಿ ಆ ಅನುಕೂಲ ಇಲ್ಲ. ಹಿಂದಿನ ಪಂಪಿನಿಂದ ಹೊರಟ ಶಾಫ್ಟ್ ಹಲ್‌ಗೆ ಬಿಗಿದ ಬೇರಿಂಗ್ ಮನೆಯ ಮೂಲಕವೇ ಬರುತ್ತದೆ, ಅದರ ರೇಖೆಯನ್ನು ಬದಲಿಸಲಾಗದು. ಎಂಜಿನ್ ಮಾತ್ರ ನಾಲ್ಕು ರಬ್ಬರ್ ಮೌಂಟ್‌ಗಳ ಮೇಲೆ ನಿಂತಿರುತ್ತದೆ. ಎಂಜಿನ್ನೇ ಶಾಫ್ಟ್ ಇದ್ದಲ್ಲಿಗೆ ಬರಬೇಕು.

ಅಳೆಯುವ ಮೊದಲು ಎರಡು ಕೆಲಸ ಮಾಡಿದೆ. ಜೋತುಬಿದ್ದಿದ್ದ ಹಳೆಯ ಮೌಂಟ್‌ಗಳನ್ನು ಕಿತ್ತು ಹೊಸದನ್ನು ಹಾಕಿದೆ. ಹಲ್‌ ಅನ್ನು ಉದ್ದಕ್ಕೂ ಸಮನಾಗಿ ಆನಿಕೆ ಸಿಗುವಂತೆ ಮೆತ್ತೆ ಹಾಕಿದ ಹಲಗೆಗಳ ಮೇಲೆ ಇಳಿಸಿದೆ. ಎರಡೇ ತುದಿಯಲ್ಲಿ ಆನಿಸಿದರೆ ಫೈಬರ್ ಹಲ್ ಸ್ವಲ್ಪ ಬಾಗುತ್ತದೆ, ಆಗ ಅಳತೆಯೇ ಸುಳ್ಳಾಗುತ್ತದೆ.

ಡ್ಯಾಂಪರ್ ತೆಗೆದು, ಕಪ್ಲಿಂಗ್‌ಗಳ ಮುಖಗಳ ನಡುವಿನ ಅಂತರವನ್ನು ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳಿರುವ ಫೀಲರ್ ಗೇಜ್‌ನಿಂದ ನೋಡಿದೆ. ಕೆಳಗಿನದಕ್ಕಿಂತ ಮೇಲೆ 0.4 ಮಿ.ಮೀ. ಹೆಚ್ಚಿತ್ತು. ಅಂದರೆ ಎಂಜಿನ್ನಿನ ಮುಂಭಾಗ ತಗ್ಗಾಗಿದೆ. ಎಷ್ಟು ಎತ್ತಬೇಕು ಎಂಬುದಕ್ಕೆ ಲೆಕ್ಕವಿದೆ: ಕಪ್ಲಿಂಗ್ ವ್ಯಾಸ 80 ಮಿ.ಮೀ., ಹಿಂದಿನ ಮತ್ತು ಮುಂದಿನ ಮೌಂಟ್‌ಗಳ ನಡುವೆ 280 ಮಿ.ಮೀ. 80ಕ್ಕೆ 0.4 ಆದರೆ 280ಕ್ಕೆ 1.4. ಮುಂದಿನ ಎರಡೂ ಮೌಂಟ್‌ಗಳ ಕೆಳಗೆ ಅಷ್ಟು ದಪ್ಪದ ಶಿಮ್ ಸೇರಿಸಿದೆ. ಈ ತ್ರೈರಾಶಿ ಗೊತ್ತಿಲ್ಲದೆ ಅಂದಾಜಿನಲ್ಲಿ ಶಿಮ್ ಹಾಕಿ ತೆಗೆದು ದಿನಗಟ್ಟಲೆ ಒದ್ದಾಡುವವರನ್ನು ತೋಟಗಳಲ್ಲೂ ಕಂಡಿದ್ದೇನೆ.

ಓರೆ ಸರಿಯಾದ ಮೇಲೆಯೇ ಎತ್ತರಕ್ಕೆ ಕೈ ಹಾಕಬೇಕು. ಮುಂಭಾಗ ಎತ್ತಿದಾಗ ಹಿಂದಿನ ಕಪ್ಲಿಂಗ್ ತುದಿಯೂ ತುಸು ಕೆಳಗಿಳಿಯುತ್ತದೆ. ಕ್ರಮ ತಲೆಕೆಳಗಾದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಉಕ್ಕಿನ ಸ್ಕೇಲನ್ನು ಎರಡೂ ಕಪ್ಲಿಂಗ್‌ಗಳ ಮೇಲೆ ಅಡ್ಡಲಾಗಿ ಇಟ್ಟು, ಮೇಲೆ ಮತ್ತು ಎರಡು ಪಕ್ಕಗಳಲ್ಲಿ ಪರೀಕ್ಷಿಸಿದೆ. ಕೆಳಭಾಗ ಕಾಣುವುದಿಲ್ಲ, ಅಲ್ಲಿ ಪುಟ್ಟ ಕನ್ನಡಿ ಬೇಕಾಯಿತು. ಎತ್ತರದ ವ್ಯತ್ಯಾಸಕ್ಕೆ ನಾಲ್ಕೂ ಮೌಂಟ್‌ಗಳ ಕೆಳಗೆ ಒಂದೇ ದಪ್ಪದ ಶಿಮ್, ಪಕ್ಕಕ್ಕೆ ಸರಿಯಲು ಬೋಲ್ಟ್ ರಂಧ್ರಗಳಲ್ಲಿನ ಸಡಿಲಿಕೆ. ಸ್ಕೇಲಿನ ಅಡಿಯಲ್ಲಿ 0.2 ಮಿ.ಮೀ. ಎಲೆ ನುಸುಳದಿರಬೇಕೆಂಬುದು ನಾನು ನನಗೇ ಹಾಕಿಕೊಂಡ ಮಿತಿ.

ಎಲ್ಲ ಸರಿಯಾಯಿತೆಂದು ಬೋಲ್ಟ್ ಬಿಗಿದೆ. ಮತ್ತೆ ಅಳೆದರೆ ಎಡಗಡೆ ಅಂತರ ತೆರೆದುಕೊಂಡಿತ್ತು! ಒಂದು ಮೌಂಟ್‌ನ ಪಾದ ಪೂರ್ತಿ ಕೂರದೆ, ಬಿಗಿಯುವಾಗ ಎಂಜಿನ್ನನ್ನೇ ಎಳೆದಿತ್ತು. ಪಂಪ್‌ಸೆಟ್‌ನಲ್ಲೂ ಇದೇ ಕಾಟ. ಬೋಲ್ಟ್‌ಗಳನ್ನು ಒಂದೊಂದಾಗಿ ಸಡಿಲಿಸಿ ಯಾವ ಪಾದ ಮೇಲೇಳುತ್ತದೆಂದು ನೋಡಿ, ಅದರ ಅಡಿಗೆ ತೆಳು ಹಾಳೆ ಇಟ್ಟೆ. ಬಿಗಿದ ಸ್ಥಿತಿಯಲ್ಲಿ ಅಳೆದದ್ದು ಮಾತ್ರ ಅಳತೆ. ನಂತರ ಶಾಫ್ಟನ್ನು ಕಾಲು ಕಾಲು ಸುತ್ತು ತಿರುಗಿಸಿ ಅಳೆದೆ, ಕಪ್ಲಿಂಗ್‌ನದೇ ವಕ್ರತೆ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಬೋಲ್ಟ್‌ಗಳನ್ನು ಒಂದೊಂದಾಗಿ ತೆಗೆದು, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್ ಲಾಕ್ ಹಚ್ಚಿ, ಮೊದಲಿನಷ್ಟೇ ಬಿಗಿ ಮಾಡಿದೆ.

ಹೊಸ ಡ್ಯಾಂಪರ್, ಹೊಸ ಸೀಲ್, ಬೇರಿಂಗ್ ಮನೆಗೆ ಗ್ರೀಸ್. ನೆಲದ ಮೇಲೆ ಚಾಲೂ ಮಾಡುವಾಗ ಒಂದು ಎಚ್ಚರ: ಮೊದಲು ಎಂಜಿನ್, ಆಮೇಲೆ ಪೈಪಿನ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ತಪ್ಪಿದರೆ ಸೈಲೆನ್ಸರ್ ದಾರಿಯಿಂದ ನೀರು ಸಿಲಿಂಡರಿಗೆ ಹೋಗಬಹುದು.

ಮಳೆ ಬಿಟ್ಟ ಒಂದು ಬೆಳಿಗ್ಗೆ ನೀರಿಗೆ ಇಳಿಸಿದೆವು. ನಡುಕ ಇರಲಿಲ್ಲ. ಆದರೂ ಹತ್ತು ಗಂಟೆಗಳ ಓಟದ ನಂತರ ಗಾಡಿಯನ್ನು ಮತ್ತೆ ತರಿಸಿಕೊಂಡೆ. ಹೊಸ ಮೌಂಟ್‌ಗಳು ಭಾರಕ್ಕೆ ಕುಗ್ಗಿ ಕೂರುತ್ತವೆ. ಬಲ ಮುಂಭಾಗದಲ್ಲಿ 0.1 ಇಳಿದಿತ್ತು, ಇನ್ನೊಂದು ಹಾಳೆ ಇಟ್ಟೆ. ಹಲ್‌ನ ತಳವನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಕಪ್ಪು ಹತ್ತಲಿಲ್ಲ.