ಏನು ಹೊತ್ತ ಗಾಡಿ ಇದು?

ಹಳೇ ಲಾರಿ ನೋಡಲು ಹೋದವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಅಂತ. ನಾನು ಕೇಳುವುದು ಏನು ಹೊತ್ತು ಓಡಿದೆ ಅಂತ. ಈ ಬುದ್ಧಿ ಬಂದದ್ದು 2013ರ ಮಳೆಗಾಲದಲ್ಲಿ, ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ.

ಆಗ ನಾನು ಕುಮಟೆಯಲ್ಲಿ ಒಂದು ಟಾಟಾ 407 ಇಟ್ಟುಕೊಂಡು ಸಿಕ್ಕ ಬಾಡಿಗೆ ಹೊಡೆಯುತ್ತಿದ್ದೆ. ಗಾಡಿ ಕೊಂಡು ಏಳು ತಿಂಗಳಾಗಿತ್ತು. ಇಂಜಿನ್ ಹೂವಿನ ಹಾಗೆ. ಹೊಸ ಬಣ್ಣ, ಹೊಸ ಟಾರ್ಪಾಲು. ಅವತ್ತು ಟೈಲ್ಸ್ ಹೇರಿಕೊಂಡು ಶಿರಸಿಗೆ ಏರುತ್ತಿದ್ದೆ. ಹಿಂದೆ ಟಪ್ ಅಂತ ಒಂದು ಸದ್ದಾಯಿತು, ಗಾಡಿ ಎಡಕ್ಕೆ ಕುಳಿತುಬಿಟ್ಟಿತು. ಪಾಟಾ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಮುರಿದಿರಬೇಕು ಅಂದುಕೊಂಡು ಬಗ್ಗಿ ನೋಡಿದರೆ ಪಾಟಾ ಗಟ್ಟಿಯಾಗಿತ್ತು, ಅದನ್ನು ಹಿಡಿದಿದ್ದ ಬ್ರಾಕೆಟ್ಟೂ ಗಟ್ಟಿಯಾಗಿತ್ತು. ಬ್ರಾಕೆಟ್ಟು ಕೂತಿದ್ದ ಚಾಸಿಯೇ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟೇ, ನೆನೆದ ಬಿಸ್ಕತ್ತಿನ ಹಾಗೆ ಕಿತ್ತು ಬಂದಿತ್ತು. ಒಡೆದ ಟೈಲ್ಸಿಗೆ ದುಡ್ಡು ಕಟ್ಟಿ, ಗಾಡಿ ಎಳೆಸಿಕೊಂಡು ಗ್ಯಾರೇಜಿಗೆ ತಂದರೆ ಮೇಸ್ತ್ರಿ ಸುತ್ತಿಗೆಯಿಂದ ಎರಡು ಸಲ ಕುಟ್ಟಿ, "ಮೀನು ಗಾಡಿ ತಮಾ ಇದು. ಯಾರು ಹೇಳಿದ್ರು ನಿಂಗೆ ತಗೊಳ್ಳೂಕೆ?" ಅಂದರು. ವಿಚಾರಿಸಿದರೆ ನಿಜವೇ. ಆ ಗಾಡಿ ಅದಕ್ಕೂ ಮೊದಲು ಮೂರು ವರ್ಷ ತದಡಿ ಬಂದರಿನಿಂದ ಮೀನು ಹೊತ್ತಿತ್ತು. ಮಾರಿದವನು ಸುಳ್ಳೇನೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ.

ಮೀನು ಲಾರಿಯ ಹಿಂದೆ ಬೈಕಿನಲ್ಲಿ ಹೋದವರಿಗೆಲ್ಲ ಗೊತ್ತಿರುವ ಸಂಗತಿಯೇ ಇದು. ಮಂಜುಗಡ್ಡೆ ಕರಗಿದ ನೀರು, ಮೀನಿನ ರಸ, ಉಪ್ಪು ಎಲ್ಲ ಸೇರಿ ದಾರಿಯುದ್ದಕ್ಕೂ ಸೋರುತ್ತದೆ. ರಸ್ತೆಗೆ ಬೀಳುವ ಮೊದಲು ಅದು ಚಾಸಿಯ ಮೇಲೆ ಬೀಳುತ್ತದೆ. ಸಾಣಿಕಟ್ಟಾದ ಉಪ್ಪು ಹೊತ್ತ ಗಾಡಿಯ ಕಥೆಯೂ ಹೆಚ್ಚುಕಡಿಮೆ ಇದೇ. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಖರ್ಚು ಇಷ್ಟೇ ಅಂತ ಮೊದಲೇ ಲೆಕ್ಕ ಸಿಗುತ್ತದೆ. ಗೇರ್‌ಬಾಕ್ಸ್ ಹೋದರೆ ಇನ್ನೊಂದು ಸಿಗುತ್ತದೆ. ಚಾಸಿ ತಿಂದುಹೋದ ಗಾಡಿಗೆ ಪಟ್ಟಿ ಹೊಡೆಯುತ್ತ ಹೋದರೆ ಅದಕ್ಕೆ ಕೊನೆಯೇ ಇಲ್ಲ. ನಮ್ಮ ಕರಾವಳಿಯಲ್ಲಿ ಲಾರಿ ಕೊಳ್ಳುವವನು ಮೊದಲು ಅಡಿಗೆ ನುಗ್ಗಬೇಕು, ಆಮೇಲೆ ಬಾನೆಟ್ಟು.

ಹತ್ತು ವರ್ಷ ಕಳೆದು 2023ರಲ್ಲಿ ಆರು ಚಕ್ರದ ಲಾರಿಯೊಂದು ಬೇಕಾಯಿತು. ಟಾಟಾ 1613 ಅಂತ ನಿಶ್ಚಯ ಮಾಡಿಕೊಂಡಿದ್ದೆ. ಹೆಸರಿನಲ್ಲೇ ಲೆಕ್ಕವಿದೆ: ಲೋಡು ಸೇರಿ 16 ಟನ್, ಇಂಜಿನ್ 130 ಹಾರ್ಸ್‌ಪವರ್. ಅದರಲ್ಲಿರುವ 697 ಇಂಜಿನ್ ಅಂದರೆ ಆರು ಸಿಲಿಂಡರ್, ಒಂದೊಂದರ ಬೋರು 97 ಮಿಲಿಮೀಟರ್. 407ರಲ್ಲಿ ಬರುತ್ತಿದ್ದ 497ರ ದೊಡ್ಡಣ್ಣ. ಹೊಗೆಯ ನಿಯಮ ಬಿಎಸ್4 ದೇಶದಲ್ಲೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಿಂದಿನ, ಕಂಪ್ಯೂಟರಿಲ್ಲದ ಡೀಸೆಲ್ ಪಂಪಿನ ಗಾಡಿಯೇ ನನಗೆ ಬೇಕಿತ್ತು. ಸೆನ್ಸಾರ್ ಹೋಯಿತು ಅಂತ ಲ್ಯಾಪ್‌ಟಾಪಿನವನಿಗಾಗಿ ಘಟ್ಟದ ನಡುವೆ ಕಾಯುವ ತಾಳ್ಮೆ ನನ್ನಲ್ಲಿಲ್ಲ.

ಮೊದಲು ನೋಡಿದ್ದು ಕಾರವಾರದಲ್ಲಿ. ಗಾಡಿ ಮದುಮಗನ ಹಾಗೆ ನಿಂತಿತ್ತು. ಚಾಸಿಗೂ ಫಳಫಳ ಕಪ್ಪು ಬಣ್ಣ. ಮೇಲೆ ಬಣ್ಣ ಹೊಡೆಸುವುದು ಸಹಜ, ಆದರೆ ಹತ್ತು ವರ್ಷದ ಲಾರಿಯ ಹೊಟ್ಟೆಗೆ ಯಾರು ಸುಮ್ಮನೆ ಬಣ್ಣ ಬಳಿಸುತ್ತಾರೆ? ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಅಡಿಗೆ ಹೋದರು, ನಾನು ಟಾರ್ಚು ಹಿಡಿದು ಪಕ್ಕದಲ್ಲಿ ಮಲಗಿದೆ.

ಅವರು ನೋಡುವ ರೀತಿ ಹೀಗೆ. ಚಾಸಿ ಅಂದರೆ ಅಡ್ಡ ಮಲಗಿಸಿದ ಪೆಟ್ಟಿಗೆಯ ಮೂರು ಬದಿ, ಒಳಬದಿ ತೆರೆದಿರುತ್ತದೆ. ಕೆಳಗಿನ ಮಡಿಕೆಯ ಒಳಗಡೆ ಕೆಸರು, ನೀರು ನಿಲ್ಲುವುದು. ಬಣ್ಣ ಹೊಡೆಯುವವನ ಬ್ರಶ್ಶು ಹೊರಮೈಗೆ ಹೋಗುತ್ತದೆ, ಅಲ್ಲಿಗೆ ಹೋಗುವುದಿಲ್ಲ. ಮೇಸ್ತ್ರಿ ಅಲ್ಲಿ ಕೈ ತೂರಿಸಿ ಉಗುರಿನಿಂದ ಕೆರೆದು ಅಂಗೈ ನನ್ನ ಮುಂದೆ ಹಿಡಿದರು. ಹಪ್ಪಳದ ಚೂರಿನ ಹಾಗೆ ಪದರು ಪದರು ತುಕ್ಕು, ನಡುನಡುವೆ ಬಿಳಿ ಪುಡಿ. ಆ ಪುಡಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿ ಉಗುಳಿದರು. "ಬೈತಖೋಲಿನ ಸಾರು" ಅಂದರು. ಬೈತಖೋಲ ಅಂದರೆ ಕಾರವಾರದ ಮೀನು ಬಂದರು. (ನೀವು ಹಾಗೆ ಮಾಡಬೇಡಿ, ಅದರಲ್ಲಿ ಇನ್ನೂ ಏನೇನೋ ಇರುತ್ತದೆ.)

ಆಮೇಲೆ ಸಣ್ಣ ಸುತ್ತಿಗೆ. ಒಳ್ಳೆಯ ಕಬ್ಬಿಣ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ತಿಂದ ಕಬ್ಬಿಣ ದಬ್ ಅಂದು ಪೆಟ್ಟನ್ನು ನುಂಗುತ್ತದೆ. ಹಿಂದಿನ ಪಾಟಾ ಬ್ರಾಕೆಟ್ಟಿನ ಮುಂದೆ ಮೊಳದುದ್ದ ಜಾಗದಲ್ಲಿ ಬರೀ ದಬ್ ದಬ್. ಅಲ್ಲಿ ಚಾಸಿಯ ಒಳಗೆ ಇನ್ನೊಂದು ಪಟ್ಟಿ ಸೇರಿಸಿ ರಿವೆಟ್ ಹೊಡೆದಿದ್ದರು. ಎರಡರ ಸಂದಿಗೆ ಉಪ್ಪುನೀರು ಹೊಕ್ಕರೆ ಹೊರಗೆ ಬರುವುದಿಲ್ಲ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಒಳಗೇ ಉಬ್ಬಿ ಎರಡು ಪಟ್ಟಿಗಳನ್ನು ದೂರ ದಬ್ಬುತ್ತದೆ. ರಿವೆಟ್ ಇದ್ದಲ್ಲಿ ತಗ್ಗು, ನಡುವೆ ಉಬ್ಬು. ಸ್ಟೀಲ್ ಸ್ಕೇಲ್ ಇಟ್ಟರೆ ಬೆಳಕು ತೂರುವಷ್ಟು ಅಂತರ ಕಾಣಿಸಿತು. ಬಣ್ಣ ಅದನ್ನು ಮುಚ್ಚಲಾರದು. ರಿವೆಟ್ಟಿನ ಸುತ್ತ ಕೆಂಪು ನೀರು ಇಳಿದ ಗೆರೆ ಇದ್ದರೆ ಅದು ಸಡಿಲವಾಗಿ ಅಲುಗಾಡುತ್ತಿದೆ ಅಂತ. ರಿವೆಟ್ಟಿನ ಜಾಗದಲ್ಲಿ ಬೋಲ್ಟು ಇದ್ದರೆ ಯಾರೋ ಒಮ್ಮೆ ಬಿಚ್ಚಿ ಕಟ್ಟಿದ್ದಾರೆ ಅಂತ.

ಎದ್ದು ಬಂದು ಮಾರುವವನಿಗೆ, "ಚಲೋ ಇದೆ, ಮನೆಯಲ್ಲಿ ಕೇಳಿ ಹೇಳ್ತೆ" ಅಂದೆ. ಬೇಡದ ಗಾಡಿಯ ಬಗ್ಗೆ ವಾದ ಮಾಡಿ ಏನು ಲಾಭ.

ಎರಡನೆಯದು ಅಂಕೋಲಾದ್ದು. 2010ರಲ್ಲಿ ಅದಿರು ರಫ್ತು ನಿಂತು, ಮಿತಿಮೀರಿ ಅದಿರು ಹೊತ್ತ ಲಾರಿಗಳು ಮಾರಾಟಕ್ಕೆ ಬಂದ ಕಾಲದಿಂದ ಅಲ್ಲಿ ಹಳೇ ಲಾರಿ ಅಂದರೆ ನನಗೆ ಸ್ವಲ್ಪ ಅನುಮಾನ, ಇದು ಆ ಕಾಲದ್ದಲ್ಲದಿದ್ದರೂ. ಅಡಿ ಚೆನ್ನಾಗಿಯೇ ಇತ್ತು. ಆದರೆ ನೇರ ರಸ್ತೆಯಲ್ಲಿ ಡ್ರೈವರನಿಗೆ ಓಡಿಸಲು ಹೇಳಿ ನಾನು ಹಿಂದೆ ನಿಂತು ನೋಡಿದರೆ ಲಾರಿ ಏಡಿಯ ಹಾಗೆ ಓರೆಯಾಗಿ ಹೋಗುತ್ತಿತ್ತು. ಹುರಿ ಹಿಡಿದು ಮುಂದಿನ ಚಕ್ರದ ಹಬ್ಬಿನಿಂದ ಹಿಂದಿನ ಚಕ್ರದ ಹಬ್ಬಿಗೆ ಎರಡೂ ಬದಿ ಅಳೆದೆವು. ಬಲಕ್ಕಿಂತ ಎಡ ಎರಡು ಬೆರಳು ಕಡಿಮೆ. ಮಿತಿಮೀರಿ ಹೇರಿದ್ದಕ್ಕೋ ಎಲ್ಲೋ ಗುದ್ದಿದ್ದಕ್ಕೋ, ಗಾಡಿ ಸೊಟ್ಟ. ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಟೈರು ತಿನ್ನುತ್ತಲೇ ಇರುತ್ತದೆ. ಬಿಟ್ಟೆ.

ಮೂರನೆಯದು ಶಿರಸಿಯದು, ಕೆಎ 31, 2015ರ ಮಾಡೆಲ್. ಅಡಿಕೆ, ಗೊಬ್ಬರ, ಸಿಮೆಂಟು ಹೊತ್ತ ಗಾಡಿ. ಗೊಬ್ಬರ ಅಂದಾಗ ಕಿವಿ ನಿಮಿರಿತು, ಅದೂ ಕಬ್ಬಿಣ ತಿನ್ನುವ ಸರಕೇ. ಆದರೆ ಚೀಲದ ಗೊಬ್ಬರ, ನೀರಾಗಿ ಸೋರುವಂಥದ್ದಲ್ಲ. ನೋಡಲು ಮಾತ್ರ ಗಾಡಿ ಭಿಕಾರಿ. ಬಾಗಿಲಿಗೆ ತಂತಿ, ಬಣ್ಣ ಯಾವುದು ಅಂತ ಹೇಳಲಾಗದಷ್ಟು ಮಾಸಿತ್ತು. ಮೇಸ್ತ್ರಿ ಅಡಿಗೆ ಹೋಗುವುದನ್ನು ನೋಡಿ ಮಾಲೀಕರು, "ಅಡಿಗೆ ಎಂತ ನೋಡ್ತ್ರಿ, ಮಣ್ಣು ಬಿಟ್ರೆ ಎಂತದೂ ಇಲ್ಲೆ" ಅಂದರು. ನಿಜ, ಬರೀ ಘಟ್ಟದ ಕೆಂಪು ಮಣ್ಣು. ಕೆರೆದರೆ ಕಂಪನಿಯವರು ಹೊಡೆದ ಬಣ್ಣವೇ ಅಲ್ಲಲ್ಲಿ ಕಂಡಿತು. ಸುತ್ತಿಗೆ ಬಡಿದಲ್ಲೆಲ್ಲ ಠಣ್ ಠಣ್. ಮೇಸ್ತ್ರಿಯ ಮುಖದಲ್ಲಿ ಮೊದಲ ಸಲ ನಗು.

ಇಂಜಿನ್ನಿಗೆ ಬಂದಾಗ ಆ ನಗು ಹೋಯಿತು. ನಾವು ಮುನ್ನಾದಿನವೇ, ಬೆಳಿಗ್ಗೆ ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ್ದೆವು. ತಣ್ಣಗಿನ ಇಂಜಿನ್ ಸುಳ್ಳು ಹೇಳುವುದಿಲ್ಲ. ಹೋದ ಕೂಡಲೇ ಬ್ಲಾಕಿನ ಮೇಲೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಎರಡು ಸಲ ಸೆಲ್ಫ್ ಹೊಡೆದಾಗ ಎದ್ದಿತು, ನೀಲಿ ಹೊಗೆ ಉಗುಳಿತು. ಬಿಸಿಯಾಗಲು ಬಿಟ್ಟು, ಆಯಿಲ್ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ ಅಲ್ಲೇ ಮಗುಚಿ ಇಟ್ಟೆವು. ಅನ್ನ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಕುಣಿಯತೊಡಗಿತು, ಸಂದಿಯಿಂದ ಬುಸ್ ಬುಸ್ ಹೊಗೆ. ಬ್ಯಾಕ್ ಕಂಪ್ರೆಷನ್. ರಿಂಗು, ಲೈನರು ಸವೆದು ಉರಿದ ಗಾಳಿ ಪಿಸ್ಟನ್ ದಾಟಿ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ.

ಯಾವ ಸಿಲಿಂಡರು ಅಂತ ಕಂಡುಹಿಡಿಯಲು ಮೇಸ್ತ್ರಿ ಸ್ಪ್ಯಾನರ್ ಹಿಡಿದು ಇಂಜೆಕ್ಟರಿನ ಪೈಪಿನ ನಟ್ಟು ಒಂದೊಂದೇ ಸಡಿಲಿಸಿದರು. ಸಡಿಲಿಸಿದಾಗ ಆ ಸಿಲಿಂಡರಿಗೆ ಡೀಸೆಲ್ ಹೋಗದು, ಇಂಜಿನ್ ತಡವರಿಸಬೇಕು. ಒಂದು, ಎರಡು, ಮೂರು, ತಡವರಿಸಿತು. ನಾಲ್ಕನೆಯದನ್ನು ಸಡಿಲಿಸಿದರೂ ಸದ್ದು ಬದಲಾಗಲಿಲ್ಲ. ಅದು ಮೊದಲೇ ದುಡಿಯುತ್ತಿರಲಿಲ್ಲ. ಈ ಪರೀಕ್ಷೆ ಪಂಪಿನ ಗಾಡಿಗೆ ಮಾತ್ರ. ಸೆನ್ಸಾರಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿ ನಟ್ಟಿಗೆ ಕೈ ಹಾಕಲೇಬಾರದು.

ಡಿಪ್‌ಸ್ಟಿಕ್ಕಿನ ಆಯಿಲ್ ಕಪ್ಪಗಿತ್ತು, ಆದರೆ ಹಾಲು ಬೆರೆತಂತೆ ಇರಲಿಲ್ಲ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ತೆರೆಯೂ ಇರಲಿಲ್ಲ. ಅಂದರೆ ಹೆಡ್ಡು, ಗ್ಯಾಸ್ಕೆಟ್ಟು ಸದ್ಯಕ್ಕೆ ಸರಿ. ಬ್ರೇಕಿನ ಗಾಳಿ ಟ್ಯಾಂಕಿನ ಕೆಳಗಿನ ವಾಲ್ವು ಎಳೆದೆ. ಬರೀ ನೀರು ಬಂತು. ಮಜ್ಜಿಗೆಯ ಹಾಗೆ ಎಣ್ಣೆ ಬೆರೆತು ಬಂದಿದ್ದರೆ ಕಂಪ್ರೆಸರ್ ಸವೆದಿದೆ ಅಂತ. ಇಂಜಿನ್ ಆರಿಸಿ ಬ್ರೇಕ್ ಒತ್ತಿ ಹಿಡಿದುಕೊಂಡು ಗೇಜು ನೋಡಿದೆ, ಮುಳ್ಳು ಇಳಿಯದೆ ಅಲ್ಲೇ ನಿಂತಿತು, ಗಾಳಿ ಸೋರುತ್ತಿಲ್ಲ. ಟೈರು ಆರರಲ್ಲಿ ನಾಲ್ಕು ರೀಸೋಲು (ಹಳೇ ಟೈರಿಗೆ ಹೊಸ ರಬ್ಬರು ಹತ್ತಿಸಿದ್ದು). ಉಳಿದೆರಡರ ಪಕ್ಕದಲ್ಲಿದ್ದ ನಾಲ್ಕು ಅಂಕೆ 1419, ಅಂದರೆ 2019ರ ಹದಿನಾಲ್ಕನೇ ವಾರ ತಯಾರಾದದ್ದು. ಟೈರಿನ ಲೆಕ್ಕ ಬೇರೆ ಹಾಕಿಕೊಂಡೆ.

ಖಾಲಿ ಲಾರಿ ಓಡಿಸಿ ನೋಡುವುದು ನನ್ನ ಮಟ್ಟಿಗೆ ದಂಡ. ಖಾಲಿ ಇದ್ದಾಗ ಎಲ್ಲ ಲಾರಿಯೂ ಒಳ್ಳೆಯದೇ. ಆ ವಾರವೇ ಅದಕ್ಕೆ ಕುಮಟೆಯಿಂದ ಸಿಮೆಂಟಿನ ಲೋಡು ಇತ್ತು, 180 ಚೀಲ, ಒಂಬತ್ತು ಟನ್. ನಾನೂ ಕ್ಯಾಬಿನ್ ಹತ್ತಿದೆ. ದೇವಿಮನೆ ಏರುವಾಗ ಐದೇ ಸಿಲಿಂಡರಿನಲ್ಲಿ ಏದುಸಿರು ಬಿಟ್ಟಿತು, ಆದರೆ ಟೆಂಪರೇಚರ್ ಮುಳ್ಳು ಮೇಲೇರಲಿಲ್ಲ. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿಸಿದೆ, ಕ್ಲಚ್ ಜಾರಲಿಲ್ಲ, ವಾಸನೆ ಬರಲಿಲ್ಲ. ಇಳಿಜಾರು ಸಿಕ್ಕಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲೇಟರ್ ಪೂರ್ತಿ ಬಿಡಲು ಹೇಳಿದೆ. ಸವೆದ ಗೇರ್‌ಬಾಕ್ಸ್ ಆಗ ಗೇರು ಹಾರಿಸುತ್ತದೆ. ಇದು ಹಾರಿಸಲಿಲ್ಲ. ಹತ್ತು ವರ್ಷದ ಹಿಂದಿನ ಆ ತಿರುವು ಬಂದಾಗ ನಾನು ಸುಮ್ಮನೆ ಹಿಂದೆ ಕಿವಿಗೊಟ್ಟು ಕೂತಿದ್ದೆ. ಡ್ರೈವರ್ ನನ್ನನ್ನು ವಿಚಿತ್ರವಾಗಿ ನೋಡಿದ.

ಕಾಗದಪತ್ರದ್ದು ಹೆಚ್ಚು ಹೇಳುವಂಥದ್ದಿಲ್ಲ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ. ಹದಿನೇಳು ಅಕ್ಷರ, ಹತ್ತನೆಯದು ಎಫ್, ಅಂದರೆ 2015. ಸರಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ತೆರಿಗೆ, ಇನ್ಶೂರೆನ್ಸ್, ಬಾಕಿ ಚಲನ್ ನೋಡಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ಹಾಗೇ ಇತ್ತು. ಅದು ತೆಗೆದ ಮೇಲೆಯೇ ಪೂರ್ತಿ ದುಡ್ಡು ಅಂದೆ. ಎಂಟು ವರ್ಷ ತುಂಬುತ್ತಿದ್ದ ಗಾಡಿ, ಇನ್ನು ಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು) ವರ್ಷ ವರ್ಷ. ಆ ಖರ್ಚನ್ನೂ ಮಾತಿಗೆ ತಂದೆ.

ಅವರು ಹೇಳಿದ್ದು ಒಂಬತ್ತು ಕಾಲು ಲಕ್ಷ. ಮುಚ್ಚಳ ಕುಣಿದದ್ದನ್ನು ಅವರೂ ಕಂಡಿದ್ದರಿಂದ ಚೌಕಾಸಿ ಸಲೀಸಾಯಿತು. ಏಳು ತೊಂಬತ್ತಕ್ಕೆ ಮುಗಿಯಿತು. ಇಂಜಿನ್ ಕೆಲಸಕ್ಕೆ ಒಂದು ಮೂವತ್ತು ಅಂತ ಮೇಸ್ತ್ರಿ ಹೇಳಿದ್ದರು, ಬಿಲ್ಲು ಒಂದು ನಲವತ್ತಾರು ಆಯಿತು. ಮೇಸ್ತ್ರಿಗಳ ಲೆಕ್ಕ ಅಷ್ಟರಮಟ್ಟಿಗೆ ತಪ್ಪುವುದು ನಿಯಮವೇ.

ಇಷ್ಟೆಲ್ಲ ನೋಡಿದವನು ಒಂದನ್ನು ನೋಡಿರಲಿಲ್ಲ. ಲಾರಿ ಕೊಂಡದ್ದು ಏಪ್ರಿಲ್ ಬಿಸಿಲಿನಲ್ಲಿ. ಜೂನ್‌ನಲ್ಲಿ ಮೊದಲ ಮಳೆ ಹೊಡೆದಾಗ ಮುಂದಿನ ಗಾಜಿನ ಬೀಡಿಂಗ್ ಸಂದಿಯಿಂದ ನೀರು ಇಳಿದು ಸೀದಾ ಫ್ಯೂಸ್ ಬಾಕ್ಸಿಗೆ. ಹೊನ್ನಾವರದ ಸೇತುವೆ ಮೇಲೆ ವೈಪರ್ ನಿಂತಿತು, ಹಾರ್ನು ತಾನೇ ಬಡಿದುಕೊಳ್ಳತೊಡಗಿತು. ಒಂದು ಕೊಡ ನೀರು ಗಾಜಿನ ಮೇಲೆ ಸುರಿದು ನೋಡಿದ್ದರೆ ಅಂಗಳದಲ್ಲೇ ಗೊತ್ತಾಗುತ್ತಿತ್ತು. ಬೀಡಿಂಗ್ ಎರಡು ಸಲ ಬದಲಿಸಿದರೂ ಪೂರ್ತಿ ನಿಂತಿಲ್ಲ. ಮಳೆಗಾಲ ಬಂದರೆ ಕ್ಲೀನರ್ ಹುಡುಗ ಫ್ಯೂಸ್ ಬಾಕ್ಸಿಗೆ ಪ್ಲಾಸ್ಟಿಕ್ ಹೊದೆಸಿ ಹುರಿ ಕಟ್ಟುತ್ತಾನೆ. ಮೇಸ್ತ್ರಿ ಅದನ್ನು ನೋಡಿ, "ಗಾಡಿಗೂ ಕೊಪ್ಪೆ ಹಾಕ್ಸದ್ಯಲ್ಲಾ ತಮಾ" ಅಂದು ಇಡೀ ಗ್ಯಾರೇಜಿಗೆ ಕೇಳುವಂತೆ ನಕ್ಕರು.