ಪೌರತ್ವ ರದ್ದತಿಯ ನೋಟಿಸು ಬಂದರೆ ಮಾಡಬೇಕಾದುದೇನು?

ಮದುವೆಯಾಗಿ ಕಾಸರಗೋಡಿಗೆ ಬಂದ ವಿದೇಶೀ ಪ್ರಜೆಯೊಬ್ಬರು ವರ್ಷಗಟ್ಟಲೆ ಕಾದು ಭಾರತದ ಪೌರತ್ವ ಪಡೆದರೂ, ಅದನ್ನು ಕಸಿದುಕೊಳ್ಳುವ ಅಧಿಕಾರವನ್ನು 1955ರ ಪೌರತ್ವ ಕಾಯ್ದೆಯ 10ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ನೀಡಿದೆ. ವಂಚನೆಯಿಂದ, ಸುಳ್ಳು ಹೇಳಿಕೆಯಿಂದ ಅಥವಾ ಮುಖ್ಯವಾದ ಸಂಗತಿಯನ್ನು ಮರೆಮಾಚಿ ಪೌರತ್ವ ಪಡೆದಿರುವುದು ಅದಕ್ಕೆ ಹೇಳಿರುವ ಕಾರಣಗಳಲ್ಲಿ ಮೊದಲನೆಯದು. ಇಂಥ ನೋಟಿಸು ಕೈಸೇರಿದ ಮನೆಯವರು ಗಾಬರಿಯಿಂದ ಅವರಿವರ ಶಿಫಾರಸು ಹುಡುಕುವ ಬದಲು, ಕಾನೂನು ತಮಗೆ ಕೊಟ್ಟಿರುವ ಅವಕಾಶಗಳನ್ನು ಒಂದೊಂದಾಗಿ ಬಳಸಿಕೊಳ್ಳಬೇಕು.

ಮೊದಲು ಪೌರತ್ವದ ಪ್ರಮಾಣಪತ್ರವನ್ನು ಹೊರತೆಗೆದು, ಅದು ಯಾವ ಸೆಕ್ಷನ್ನಿನಡಿ ಸಿಕ್ಕಿದ್ದೆಂದು ನೋಡಿ. ಹುಟ್ಟಿನಿಂದ ಭಾರತೀಯರಾದವರಿಗೆ 10ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಭಾರತೀಯ ಮೂಲದವರೆಂಬ ನೆಲೆಯಲ್ಲಿ 5(1)(ಎ) ಅಡಿ ನೋಂದಾಯಿಸಿಕೊಂಡವರನ್ನೂ ಅದು ಹೊರಗಿಟ್ಟಿದೆ. ಭಾರತೀಯರನ್ನು ಮದುವೆಯಾದ ಕಾರಣಕ್ಕೆ 5(1)(ಸಿ) ಅಡಿ ನೋಂದಾಯಿಸಿಕೊಂಡವರು ಮತ್ತು ದೀರ್ಘಕಾಲದ ವಾಸದ ಆಧಾರದಲ್ಲಿ 6ನೇ ಸೆಕ್ಷನ್ನಿನಡಿ ಪೌರರಾದವರು ಅದರ ವ್ಯಾಪ್ತಿಗೆ ಬರುತ್ತಾರೆ.

ಬಳಿಕ ನೋಟಿಸಿನ ಆರೋಪವನ್ನು ಓದಿ, ಅರ್ಜಿಯ ಯಾವ ಉತ್ತರ ಸುಳ್ಳೆನ್ನುತ್ತಿದ್ದಾರೆ ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ನಮ್ಮ ಜಿಲ್ಲೆಯ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದ ಅಂಶವೆಂದರೆ ವಾಸದ ಲೆಕ್ಕ. ಮದುವೆಯ ಆಧಾರದಲ್ಲಿ ಅರ್ಜಿ ಹಾಕುವವರು ಅರ್ಜಿಯ ಹಿಂದಿನ ಹನ್ನೆರಡು ತಿಂಗಳು ಪೂರ್ತಿಯಾಗಿಯೂ, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಕನಿಷ್ಠ ಆರು ವರ್ಷವೂ ಭಾರತದಲ್ಲೇ ಇದ್ದಿರಬೇಕು. ಪತಿ ದುಬೈಯಲ್ಲೋ ದೋಹಾದಲ್ಲೋ ದುಡಿಯುತ್ತಿರುವಾಗ ಪತ್ನಿ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನವೇರಿ ರಜೆಗೆ ಹೋಗಿಬರುವುದು ಇಲ್ಲಿನ ಮನೆಗಳಲ್ಲಿ ಸಹಜವಾದ ಸಂಗತಿ; ಆ ದಿನಗಳನ್ನು ಅರ್ಜಿಯಲ್ಲಿ ಕಾಣಿಸದಿದ್ದರೆ, ಪಾಸ್‌ಪೋರ್ಟಿನ ಮುದ್ರೆಗಳು ಕಾಣಿಸುತ್ತವೆ. ಹನ್ನೆರಡು ತಿಂಗಳ ನಿಯಮದಲ್ಲಿ ವಿಶೇಷ ಸಂದರ್ಭಗಳಿಗೆ ಮೂವತ್ತು ದಿನಗಳವರೆಗೆ ಸಡಿಲಿಕೆ ಕೊಡಲು 2015ರ ತಿದ್ದುಪಡಿ ಅವಕಾಶ ಮಾಡಿದೆ. ಆದ್ದರಿಂದ ಪ್ರವಾಸವನ್ನು ಬಚ್ಚಿಡುವುದಕ್ಕಿಂತ ತಿಳಿಸಿ ಸಡಿಲಿಕೆ ಕೇಳುವುದೇ ಸರಿಯಾದ ದಾರಿ.

ಇದರ ಗಂಭೀರತೆಯನ್ನು ತೆಲಂಗಾಣದ ವೇಮುಲವಾಡದ ಶಾಸಕರಾಗಿದ್ದ ಚೆನ್ನಮನೇನಿ ರಮೇಶ್ ಅವರ ಪ್ರಕರಣ ತೋರಿಸುತ್ತದೆ. ಜರ್ಮನಿಯ ಪೌರತ್ವ ಪಡೆದಿದ್ದ ಅವರು 2008ರಲ್ಲಿ ಅರ್ಜಿ ಸಲ್ಲಿಸಿ 2009ರಲ್ಲಿ ಮತ್ತೆ ಭಾರತದ ಪೌರರಾದರು. ಅರ್ಜಿಯ ಹಿಂದಿನ ಹನ್ನೆರಡು ತಿಂಗಳಲ್ಲಿ ಮಾಡಿದ್ದ ವಿದೇಶ ಪ್ರವಾಸವನ್ನು ಮುಚ್ಚಿಟ್ಟರೆಂಬ ಕಾರಣಕ್ಕೆ ಗೃಹ ಸಚಿವಾಲಯವು 2017ರಲ್ಲಿ ಅದನ್ನು ರದ್ದುಮಾಡಿತು. 2019ರಲ್ಲಿ ಹೈಕೋರ್ಟು ಆ ಆದೇಶವನ್ನು ತಳ್ಳಿಹಾಕಿ ಮರುಪರಿಶೀಲನೆಗೆ ಕಳಿಸಿತಾದರೂ, ಅದೇ ವರ್ಷ ಸಚಿವಾಲಯ ಮತ್ತೆ ರದ್ದತಿಯ ಆದೇಶ ಹೊರಡಿಸಿತು. 2024ರ ಡಿಸೆಂಬರಿನಲ್ಲಿ ಹೈಕೋರ್ಟು ಅವರ ಅರ್ಜಿಯನ್ನು ವಜಾ ಮಾಡಿ 30 ಲಕ್ಷ ರೂಪಾಯಿ ದಂಡ ವಿಧಿಸಿತು.

2019ರ ಮರುಪರಿಶೀಲನೆಗೆ ಆಧಾರವಾದುದು 10(3) ಉಪಸೆಕ್ಷನ್. ಹೇಳಿಕೆ ಸುಳ್ಳೆಂದು ತೋರಿಸಿದರಷ್ಟೇ ಸಾಲದು. ಆ ವ್ಯಕ್ತಿ ಪೌರರಾಗಿ ಮುಂದುವರಿಯುವುದು ಸಾರ್ವಜನಿಕ ಹಿತಕ್ಕೆ ಪೂರಕವಲ್ಲ ಎಂಬುದೂ ಸರ್ಕಾರಕ್ಕೆ ಮನವರಿಕೆಯಾಗಬೇಕು ಎಂದು ಅದು ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಸೆಕ್ಷನ್ನಿನಲ್ಲಿ ಮನುಷ್ಯನ ಬಾಳುವೆಗೆ ಬೆಲೆ ಕೊಡುವ ಮಾತು ಇದೇ. ನೋಟಿಸಿಗೆ ಉತ್ತರ ಬರೆಯುವಾಗ ಇಲ್ಲಿ ಬೆಳೆದ ಮಕ್ಕಳು, ಇಲ್ಲಿನ ದುಡಿಮೆ, ನೆರೆಕರೆಯ ಸಂಬಂಧ, ಅಪರಾಧ ಹಿನ್ನೆಲೆ ಇಲ್ಲದಿರುವುದು ಇವನ್ನೆಲ್ಲ ದಾಖಲೆಗಳೊಂದಿಗೆ ಪ್ರತ್ಯೇಕವಾಗಿ ವಿವರಿಸಬೇಕು.

ಅದೇ ಉತ್ತರದಲ್ಲಿ ಕೈತಪ್ಪನ್ನೂ ಮರೆಮಾಚಿದ್ದನ್ನೂ ಬೇರ್ಪಡಿಸಿ ತೋರಿಸುವುದು ಅಗತ್ಯ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು ಬಗೆಯ ಬರಹ, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಸೇರಿದ ಮೂರನೆಯ ರೂಪ ಇರುವುದು ಈ ಗಡಿಯಲ್ಲಿ ಸಾಮಾನ್ಯ. ಇವೆಲ್ಲ ಒಬ್ಬರವೇ ಎಂಬುದಕ್ಕೆ ಗ್ರಾಮ ಕಚೇರಿಯ ದೃಢೀಕರಣವನ್ನೂ ಪ್ರಮಾಣಿತ ಅನುವಾದಗಳನ್ನೂ ಲಗತ್ತಿಸಿ.

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ವಿಚಾರಣಾ ಸಮಿತಿಯನ್ನು ಕೇಳುವುದು. ಸುಳ್ಳು ಹೇಳಿಕೆಯ ಆರೋಪವಿರುವಾಗ, ಪ್ರಕರಣವನ್ನು ಸಮಿತಿಗೆ ಒಪ್ಪಿಸಬೇಕೆಂದು ನೋಟಿಸು ಪಡೆದವರು ನಿಗದಿತ ರೀತಿಯಲ್ಲಿ ಅರ್ಜಿ ಕೊಟ್ಟರೆ ಸರ್ಕಾರ ಒಪ್ಪಿಸಲೇಬೇಕು. ಕೇಳದೆ ಸುಮ್ಮನಿದ್ದರೆ ಅದು ಸರ್ಕಾರದ ಇಷ್ಟಕ್ಕೆ ಬಿಟ್ಟ ವಿಷಯ. ಕನಿಷ್ಠ ಹತ್ತು ವರ್ಷ ನ್ಯಾಯಾಂಗ ಹುದ್ದೆಯಲ್ಲಿದ್ದವರು ಸಮಿತಿಯ ಅಧ್ಯಕ್ಷರು, ಜೊತೆಗೆ ಇಬ್ಬರು ಸದಸ್ಯರು. ಸರ್ಕಾರ ಸಾಮಾನ್ಯವಾಗಿ ಸಮಿತಿಯ ವರದಿಯಂತೆ ನಡೆಯಬೇಕೆಂದು ಕಾಯ್ದೆಯೇ ಹೇಳಿರುವುದರಿಂದ, ಈ ಕೋರಿಕೆಯನ್ನು ಸಮಯ ಮೀರದಂತೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ.

ಆದೇಶ ವಿರುದ್ಧವಾಗಿ ಬಂದರೆ ಮೂವತ್ತು ದಿನಗಳೊಳಗೆ 15ಎ ಸೆಕ್ಷನ್ನಿನಡಿ ಪುನರ್‌ಪರಿಶೀಲನೆ ಕೋರಬಹುದು. ಆಮೇಲೆ ಎರ್ನಾಕುಳಂನ ಹೈಕೋರ್ಟಿದೆ. ತಿಳಿದೂ ಸುಳ್ಳು ಹೇಳಿದ್ದು ಸಾಬೀತಾದರೆ 17ನೇ ಸೆಕ್ಷನ್ನಿನಡಿ ಐದು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದಾದ ಕಾರಣ, ವಕೀಲರಿಲ್ಲದೆ ಉತ್ತರ ಕೊಡಬಾರದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕಿದೆ.

ಅಮೆರಿಕದ ಪೌರರಾಗಿರುವ ನಮ್ಮೂರವರಿಗೆ ಅನ್ವಯಿಸುವ ಕ್ರಮ ಬೇರೆ. ಅಲ್ಲಿ ಸರ್ಕಾರವು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಸ್ಪಷ್ಟವಾದ ಸಾಕ್ಷ್ಯದಿಂದ ಆರೋಪವನ್ನು ಸಾಬೀತುಪಡಿಸಬೇಕು. ಆದರೆ ಸಿವಿಲ್ ದಾವೆಗೆ ಕಾಲಮಿತಿಯಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ, ಹೇಳಿದ ಸುಳ್ಳಿಗೂ ಪೌರತ್ವ ದೊರೆತುದಕ್ಕೂ ಸಂಬಂಧವಿರಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ಬೇರೆ ಹೆಸರಿನಲ್ಲಿದ್ದ ಗಡೀಪಾರು ಆದೇಶವನ್ನು ಮುಚ್ಚಿಟ್ಟು 2006ರಲ್ಲಿ ಪೌರರಾದ ಭಾರತ ಮೂಲದ ಒಬ್ಬರು 2018ರಲ್ಲಿ ನ್ಯೂಜೆರ್ಸಿಯ ನ್ಯಾಯಾಲಯದ ಆದೇಶದಿಂದ ಅದನ್ನು ಕಳೆದುಕೊಂಡರು. ಅನ್ಯದೇಶದ ಪೌರತ್ವ ಸ್ವೀಕರಿಸಿದಾಗಲೇ ನಮ್ಮ ಕಾಯ್ದೆಯ 9ನೇ ಸೆಕ್ಷನ್ನಿನಂತೆ ಭಾರತದ ಪೌರತ್ವ ಮುಗಿದಿರುತ್ತದೆ. ಅಲ್ಲಿನದು ರದ್ದಾದರೆ ಇಲ್ಲಿನದು ತಾನಾಗಿ ಮರಳುವುದಿಲ್ಲ.

ಇನ್ನು ಅರ್ಜಿ ಹಾಕಲಿರುವವರು, ಪರಿಶೀಲನೆಗೆ ಬಂದ ಅಧಿಕಾರಿ ಮಲಯಾಳದಲ್ಲಿ ಬರೆದುಕೊಂಡ ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬಾರದು. ದೇಶೀಕರಣಕ್ಕೆ, ಅಂದರೆ 6ನೇ ಸೆಕ್ಷನ್ನಿನಡಿ ವಾಸದ ಆಧಾರದಲ್ಲಿ ಪೌರರಾಗುವುದಕ್ಕೆ, ಸಂವಿಧಾನದ ಎಂಟನೇ ಅನುಸೂಚಿಯ ಯಾವುದಾದರೊಂದು ಭಾಷೆಯ ತಕ್ಕಷ್ಟು ಜ್ಞಾನ ಸಾಕು, ಕನ್ನಡವೂ ಅದರಲ್ಲಿದೆ; ಬಾರದ ಮಲಯಾಳ ಬರುತ್ತದೆಂದು ಬರೆಯುವ ಅಗತ್ಯ ಯಾರಿಗೂ ಇಲ್ಲ. ಭರ್ತಿಮಾಡಿದ ಅರ್ಜಿಯ ಪ್ರತಿ ಪುಟವನ್ನೂ, ಮುಗಿದ ಪಾಸ್‌ಪೋರ್ಟುಗಳನ್ನೂ ಪ್ರಮಾಣಪತ್ರದ ಜೊತೆಗೇ ಜೋಪಾನವಾಗಿಡಿ.