35 ಪದಗಳ ಪಾಠ: ನನ್ನ ಅನುಭವ

ಅಮೆರಿಕದ ನಮ್ಮೂರಿನಲ್ಲಿ ಪ್ರತಿ ಭಾನುವಾರ ಕನ್ನಡ ತರಗತಿ ನಡೆಯುತ್ತದೆ. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ.

ಅಧ್ಯಕ್ಷರ ಪದಗ್ರಹಣದ ಬಗ್ಗೆ ಮೊದಲ ಸಲ ಹೇಳಿಕೊಟ್ಟಿದ್ದು 2021ರ ಜನವರಿಯಲ್ಲಿ, ಜೂಮ್‌ನಲ್ಲಿ. ಯಾರು ಗೆದ್ದರು, ಯಾರು ಸೋತರು ಅಂತ ಶುರು ಮಾಡಿದ್ದೇ ತಪ್ಪಾಯಿತು. ಮನೆಯಲ್ಲಿ ಕೇಳಿದ ಜಗಳವೆಲ್ಲ ಹತ್ತೇ ನಿಮಿಷದಲ್ಲಿ ಮಕ್ಕಳ ಬಾಯಿಗೆ ಬಂತು. ಒಬ್ಬ ಹುಡುಗಿ ಕ್ಯಾಮೆರಾ ಆಫ್ ಮಾಡಿಕೊಂಡಳು. ಪರದೆಯ ಮೇಲಿನ ಆ ಕಪ್ಪು ಚೌಕ ನನ್ನನ್ನು ಬಹಳ ದಿನ ಕಾಡಿತು.

2025ರಲ್ಲಿ ದಾರಿ ಬದಲಿಸಿದೆ. ಜನವರಿ 19, ಸಮಾರಂಭದ ಹಿಂದಿನ ದಿನ. ಗೆದ್ದವರ, ಸೋತವರ ಹೆಸರೇ ಎತ್ತಲಿಲ್ಲ. ಸಂವಿಧಾನದಲ್ಲಿರುವ ಪ್ರಮಾಣವಚನವನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲೇ ಬರೆದು, "ಪದ ಎಣಿಸಿ" ಎಂದೆ. 35. "ಇಷ್ಟೇನಾ?" ಅಂತ ಆಶ್ಚರ್ಯಪಟ್ಟರು. ಇಷ್ಟೇ, ಆದರೆ ಒಂದೂ ಆಚೀಚೆ ಆಗಬಾರದು. 2009ರಲ್ಲಿ ಒಂದು ಪದ ಜಾಗ ತಪ್ಪಿತ್ತು. ಒಬಾಮಾ ಮಾರನೆಯ ದಿನ ಶ್ವೇತಭವನದಲ್ಲಿ ಮತ್ತೊಮ್ಮೆ ಪ್ರಮಾಣ ಮಾಡಿದರು.

ಆಮೇಲೆ ಅದನ್ನು ಕನ್ನಡಕ್ಕೆ ತರಲು ಹೇಳಿದೆ. ಅದರಲ್ಲಿ ಮೂರು ಕ್ರಿಯಾಪದಗಳಿವೆ: ಪ್ರಿಸರ್ವ್, ಪ್ರೊಟೆಕ್ಟ್, ಡಿಫೆಂಡ್. ಮೂರಕ್ಕೂ "ಕಾಪಾಡು" ಅಂದರು.

"ಅಜ್ಜಿ ಉಪ್ಪಿನಕಾಯಿಯನ್ನು ಏನು ಮಾಡುತ್ತಾರೆ?"

"ಕೆಡದ ಹಾಗೆ ಇಡ್ತಾರೆ."

"ಮಳೇಲಿ ತಮ್ಮನಿಗೆ ಕೊಡೆ ಹಿಡಿದರೆ?"

"ಕಾಪಾಡೋದು."

ಡಿಫೆಂಡ್‌ಗೆ ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ ಸಾಕರ್ ಆಡುವ ಹುಡುಗ ಎದ್ದು ಎರಡೂ ಕೈ ಅಗಲಿಸಿ, "ಗೋಲ್‌ಕೀಪರ್ ಥರ. ಎದುರು ನಿಲ್ಲೋದು" ಎಂದ. ಅದನ್ನೇ ಬರೆದೆ: ಕೆಡದಂತೆ ಇಡುತ್ತೇನೆ, ಕಾಪಾಡುತ್ತೇನೆ, ಎದುರು ನಿಂತು ಉಳಿಸುತ್ತೇನೆ.

"ಯಾವುದನ್ನು?" ಎಂದು ಕೇಳಿದೆ. ದೇಶವನ್ನು, ಜನರನ್ನು ಅಂತ ಕೂಗಿದರು. ಮತ್ತೆ ಓದಿಸಿದೆ. ಸಂವಿಧಾನವನ್ನು! ಒಂದು ಕ್ಷಣ ಎಲ್ಲರೂ ಸುಮ್ಮನಾದರು. "ಅಂದ್ರೆ ಪ್ರೆಸಿಡೆಂಟ್‌ಗೂ ರೂಲ್ಸ್ ಇದೆ, ಅಲ್ವಾ?" ಎಂದಳು ಒಬ್ಬಳು. ಆ ದಿನ ನನಗೆ ಬೇಕಿದ್ದದ್ದು ಈ ಒಂದು ಮಾತು.

ಚಳಿಗಾಲದಲ್ಲೇ ಯಾಕೆ ಎಂಬ ಪ್ರಶ್ನೆಯೂ ಬಂತು. ವಿಪರೀತ ಚಳಿಯೆಂದು ಆ ವರ್ಷ ಸಮಾರಂಭವನ್ನು ಕ್ಯಾಪಿಟಲ್ ಕಟ್ಟಡದ ಒಳಗೆ ಇಟ್ಟಿದ್ದರಲ್ಲ. ಮೊದಲು ಮಾರ್ಚ್ 4ಕ್ಕೆ ನಡೆಯುತ್ತಿತ್ತು. ಚುನಾವಣೆ ಮುಗಿದ ಮೇಲೆ ಅಷ್ಟು ದಿನ ಕಾಯುವುದು ಬೇಡವೆಂದು 1933ರ ಇಪ್ಪತ್ತನೇ ತಿದ್ದುಪಡಿಯಲ್ಲಿ ಜನವರಿ 20ಕ್ಕೆ ತಂದರು.

ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಕೂಲಿಡ್ಜ್ ಕಥೆ. 1923ರ ಆಗಸ್ಟಿನಲ್ಲಿ ಅಧ್ಯಕ್ಷ ಹಾರ್ಡಿಂಗ್ ತೀರಿಕೊಂಡಾಗ ಉಪಾಧ್ಯಕ್ಷ ಕೂಲಿಡ್ಜ್ ವರ್ಮಾಂಟ್‌ನ ಹಳ್ಳಿಯಲ್ಲಿ, ಅಪ್ಪನ ಮನೆಯಲ್ಲಿದ್ದರು. ಕರೆಂಟ್ ಇಲ್ಲದ ಮನೆ. ಅಪ್ಪ ನೋಟರಿ. ಬೆಳಗಿನ ಜಾವ 2:47ಕ್ಕೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಅಪ್ಪನೇ ಮಗನಿಂದ ಪ್ರಮಾಣ ಮಾಡಿಸಿದರು. ನಾವು ಲೈಟ್ ಆರಿಸಿ, ಒಂದು ಫೋನ್ ಟಾರ್ಚ್ ಇಟ್ಟುಕೊಂಡು ಇದನ್ನು ಆಡಿದೆವು. ಅಪ್ಪ ಆಗಿದ್ದವಳು ಒಂದೊಂದೇ ತುಣುಕು ಹೇಳಿದಳು, ಮಗ ಕೈ ಎತ್ತಿ ಅದನ್ನೇ ಹೇಳಿದ. ಯಾರೂ ನಗಲಿಲ್ಲ. ಮೆರವಣಿಗೆ, ಬ್ಯಾಂಡಿನ ಫೋಟೋ ತೋರಿಸುವುದಕ್ಕಿಂತ ಈ ಐದು ನಿಮಿಷ ಸಾವಿರ ಪಾಲು ಮೇಲು ಅನ್ನಿಸಿತು.

ಭಾರತದ ರಾಷ್ಟ್ರಪತಿಯ ಪ್ರಮಾಣವಚನ ನಮ್ಮ ಸಂವಿಧಾನದ 60ನೇ ವಿಧಿಯಲ್ಲಿದೆ. ಅಲ್ಲೂ ಅದೇ ಮೂರು ಕ್ರಿಯಾಪದಗಳು! ಜೊತೆಗೆ ಜನರ ಸೇವೆಯ ಮಾತೂ ಇದೆ. ಅಜ್ಜ ಅಜ್ಜಿಗೆ ಫೋನ್ ಮಾಡಿ ಕೇಳಿಕೊಂಡು ಬನ್ನಿ ಎಂದು ಮನೆಗೆಲಸ ಕೊಟ್ಟೆ. ಒಬ್ಬನ ತಾತ ಬಿ.ಡಿ. ಜತ್ತಿಯವರ ಬಗ್ಗೆ ಹೇಳಿದ್ದರು. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿ ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. "ಕೂಲಿಡ್ಜ್ ಥರಾನೇ!" ಎಂದ ಹುಡುಗ.

ಇನ್ನೊಬ್ಬಳು ಬಂದವಳೇ ದೂರು ಹೇಳಿದಳು. ಅಪ್ಪನ ಜೊತೆ ಟಿವಿಯಲ್ಲಿ ಪದಗ್ರಹಣ ನೋಡುತ್ತಾ ಪದಗಳನ್ನು ಬೆರಳಲ್ಲಿ ಎಣಿಸಿದ್ದಳಂತೆ. "ನೀವು 35 ಅಂದ್ರಿ. 42 ಬಂತು." ಬೋರ್ಡಿನ ಮೇಲೆ ಮತ್ತೆ ಬರೆದೆವು. ಅಧ್ಯಕ್ಷರು ಸೇರಿಸಿದ ತಮ್ಮ ಹೆಸರು ಮೂರು ಪದ. ಕೊನೆಯಲ್ಲಿ ದೇವರ ನೆರವು ಕೋರಿದ್ದು ನಾಲ್ಕು. ಸಂವಿಧಾನದಲ್ಲಿ ಇಲ್ಲದ ಆ ಏಳು ಪದಗಳಿಗೆ ಅವಳೇ ಕೆಂಪು ಪೆನ್ನಲ್ಲಿ ಗೆರೆ ಎಳೆದಳು.